ಕಾಲರಿನೊಳಗಿನ ಮತದಾರರು

ಹನ್ನೊಂದು ಸಲ ದೇಶವನ್ನೇ ಗೆದ್ದವಳಿಗೆ ಇಪ್ಪತ್ತನಾಲ್ಕು ಮನೆಗಳ ಒಂದು ಕಟ್ಟಡ ಯಾವ ಲೆಕ್ಕ! ನಿಲ್ಲುತ್ತೇನೆ, ಗೆಲ್ಲುತ್ತೇನೆ ಎಂದು ನಾನು ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟು ಘೋಷಿಸಿದಾಗ ಯಜಮಾನರು ಕನ್ನಡಕವನ್ನು ಹಣೆಗೇರಿಸಿ ನೋಡಿದರು.

"ಕಂಪ್ಯೂಟರಲ್ಲಿ ಗೆಲ್ಲೋದು ಬೇರೆ ಕಣೇ."

"ನೀವು ಕಂಪ್ಯೂಟರಲ್ಲೂ ಗೆದ್ದಿಲ್ವಲ್ಲಾ!"

ಮಾತು ನಾಟಿತು. ನಮ್ಮವರು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ರಾಜ್ಯಶಾಸ್ತ್ರ ಕಲಿಸುವವರು. ವಿದ್ಯಾರ್ಥಿಗಳಿಗೆ ತೋರಿಸಲೆಂದು ಚುನಾವಣಾ ಪ್ರಚಾರದ ಆಟವೊಂದನ್ನು ಮನೆಯ ಕಂಪ್ಯೂಟರಿಗೆ ಹಾಕಿಕೊಂಡಿದ್ದರು. ಅದರಲ್ಲಿ ನಾವೇ ಅಭ್ಯರ್ಥಿ. ಭಾಷಣಕ್ಕೊಂದು ಗುಂಡಿ, ಮೆರವಣಿಗೆಗೊಂದು ಗುಂಡಿ, ಭರವಸೆಗೊಂದು, ಎದುರಾಳಿಯ ಮೇಲೆ ಕೆಸರೆರಚಲು ಇನ್ನೊಂದು. ಒತ್ತಿದಂತೆಲ್ಲ ಜನರ ಒಲವು ಏರುತ್ತದೆ, ಇಳಿಯುತ್ತದೆ. ಯಜಮಾನರು ಭಾಷಣದ ಗುಂಡಿಯನ್ನು ಸವೆಯುವಷ್ಟು ಒತ್ತಿದರು. ಏಳು ಸಲ ಮಣ್ಣು ಮುಕ್ಕಿದರು.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಮಿಕ್ಕ ವಿದ್ಯೆಯೆಲ್ಲ ಹೊಲಿಯಲು ಬಂದ ಬಟ್ಟೆ ಸುತ್ತಿದ ಪತ್ರಿಕೆಗಳಿಂದ ಕಲಿತದ್ದು. ಒಂದು ಮಧ್ಯಾಹ್ನ ಸುಮ್ಮನೆ ಆ ಆಟದ ಮುಂದೆ ಕೂತೆ. ಪರದೆಯ ಮೂಲೆಯಲ್ಲಿ 'ಮನೆಗೆ ಹೋಗಿ ಕೇಳು' ಎಂಬ ಬಡಪಾಯಿ ಗುಂಡಿಯೊಂದಿತ್ತು. ಅದನ್ನು ಒತ್ತಿದರೆ ಇಡೀ ದಿನ ಹೋಗುತ್ತದೆ, ಚಪ್ಪಾಳೆ ಬೀಳುವುದಿಲ್ಲ. ನನಗೆ ಗೊತ್ತಿರುವ ಕೆಲಸ ಅದೊಂದೇ! ಅಳತೆ ಕೊಡಲು ಬಂದವರು ಸೊಂಟದ ಸುತ್ತಳತೆಗಿಂತ ಹೆಚ್ಚಾಗಿ ಮನೆಯ ಸುತ್ತಳತೆ ಹೇಳುತ್ತಾರೆ. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೇಳುತ್ತೇನೆ. ಸೂಜಿ ಬಾಯಲ್ಲಿದ್ದಾಗ ಎದುರು ಮಾತಾಡುವಂತಿಲ್ಲ ನೋಡಿ, ಅದಕ್ಕಿಂತ ಒಳ್ಳೆಯ ಗುರು ಬೇರೆಯಿಲ್ಲ. ದೇವರನ್ನು ನೆನೆದು ಆ ಗುಂಡಿಯನ್ನೇ ಒತ್ತಿದೆ. ಗೆದ್ದೆ. ಮತ್ತೆ ಗೆದ್ದೆ. ಹನ್ನೊಂದನೆಯ ಸಲ ಗೆದ್ದಾಗ ಯಜಮಾನರು "ಆಟದಲ್ಲೇ ಏನೋ ದೋಷ ಇದೆ" ಎಂದು ಎದ್ದು ಹೋದರು.

ಅದೇ ವಾರ ನಮ್ಮ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು ನೋಟಿಸು ಹಚ್ಚಿದರು: ಕೆಳಮಹಡಿಯ ಮೂಲೆಯ ಕೋಣೆಯನ್ನು ತೆರವುಗೊಳಿಸಿ ಸ್ಕೂಟರ್ ನಿಲ್ಲಿಸಲು ಬಳಸಲಾಗುವುದು. ಆ ಕೋಣೆ ನನ್ನ ಹೊಲಿಗೆಯ ಕೋಣೆ! ಹದಿನಾಲ್ಕು ವರ್ಷದಿಂದ ನನ್ನ ಯಂತ್ರ, ಕತ್ತರಿಸುವ ಮೇಜು, ಬೆಳಗಿನ ಪ್ರಾರ್ಥನೆ ಎಲ್ಲ ಅಲ್ಲೇ. ಮೇಲೆ ಮನೆಯಲ್ಲಿ ಯಂತ್ರವಿಡಲು ಜಾಗ ಬೇಕೆಂದರೆ ಯಜಮಾನರನ್ನು ಹೊರಗಿಡಬೇಕು. ಅಧ್ಯಕ್ಷರು ಬೀದಿಯ ತಿರುವಿನಲ್ಲಿ ಔಷಧಿ ಅಂಗಡಿ ಇಟ್ಟವರು. ಒಂಬತ್ತು ವರ್ಷದಿಂದ ಎದುರಾಳಿಯೇ ಇಲ್ಲದೆ ಆರಿಸಿ ಬರುತ್ತಿದ್ದ ಚಕ್ರವರ್ತಿ. ಚುನಾವಣೆಗೆ ಮೂರು ವಾರ ಉಳಿದಿತ್ತು.

"ಆಟದಲ್ಲಿ ನಮ್ಮದೇ ಕ್ಷೇತ್ರ ಮಾಡಿಕೋಬಹುದು," ಎಂದರು ಯಜಮಾನರು. ಸೋತವರಿಗೆ ಸಲಹೆಯ ಹುರುಪು ಜಾಸ್ತಿ. "ಒಬ್ಬೊಬ್ಬ ಮತದಾರರ ಗುಣ ಸ್ವಭಾವ ತುಂಬಿದರೆ ಸಾಕು. ಯಾರ ಮನೆಗೆ ಯಾವಾಗ ಹೋಗಬೇಕು ಅಂತ ಅದೇ ಹೇಳುತ್ತೆ. ನೀನು ಹೇಳು, ನಾನು ಟೈಪ್ ಮಾಡ್ತೀನಿ."

ಹೇಳಿದೆ. ಹದಿನಾಲ್ಕು ವರ್ಷ ಕೇಳಿಸಿಕೊಂಡದ್ದು ಎರಡು ಸಂಜೆಯಲ್ಲಿ ಹೊರಗೆ ಬಂತು! ಮನೆ ಹದಿನೇಳು, ಹಲ್ಲಿನ ಡಾಕ್ಟರು: ಹೊಗಳಿದರೆ ಕರಗುತ್ತಾರೆ, ಯಾರಾದರೂ ಓಡಿ ಬರುವುದು ಕಂಡರೆ ಲಿಫ್ಟಿನ ಬಾಗಿಲು ಮುಚ್ಚುವ ಗುಂಡಿ ಒತ್ತುತ್ತಾರೆ. ಮನೆ ಒಂಬತ್ತು, ಪಿಯಾನೊ ಟೀಚರು: ಪ್ರತಿ ಮಗುವೂ ಪ್ರತಿಭಾವಂತ ಎನ್ನುತ್ತಾರೆ, ಪಾಠದ ವೇಳೆ ಕಿವಿಯಲ್ಲಿ ಹತ್ತಿ. ಮನೆ ಆರು, ಅಧ್ಯಕ್ಷರು: ಅಧಿಕಾರದ ಆಸೆ ನೂರಕ್ಕೆ ನೂರು, ಕುರ್ಚಿಗೆ ಗೋಂದು ಹಚ್ಚಿ ಕೂತಿದ್ದಾರೆ.

ಯಜಮಾನರು ನಮ್ಮದೊಂದು ಬಿಟ್ಟು ಮನೆಗೊಂದರಂತೆ ಇಪ್ಪತ್ತಮೂರು ಚೀಟಿ ಮುದ್ರಿಸಿ ಕೊಟ್ಟರು. "ಹೋಗೋ ಮುಂಚೆ ಒಂದ್ಸಲ ಓದ್ಕೊ. ಆಮೇಲೆ ಹರಿದು ಹಾಕು."

ನಾನು ಕಾಗದ ಹರಿಯುವವಳೇ? ಕತ್ತರಿಸುವ ಮೇಜಿನ ಮೇಲಿಟ್ಟೆ.

ಪ್ರಚಾರ ಜೋರಾಗಿ ನಡೆಯಿತು. ಹೋದ ಮನೆಯಲ್ಲೆಲ್ಲ "ಕಾಲರ್ ಸವೆದಿದೆಯಲ್ಲ, ಕೊಡಿ, ತಿರುಗಿಸಿ ಹೊಲಿದುಕೊಡ್ತೀನಿ" ಎಂದು ಒಂದು ಅಂಗಿ ಇಸಕೊಂಡು ಅವರ ಕಷ್ಟಸುಖ ಕೇಳಿದೆ. ಹನ್ನೊಂದು ಅಂಗಿ ಸೇರಿದವು. ಚುನಾವಣೆಗೆ ಎರಡು ದಿನ ಇರುವಾಗ ಅವಸರವಸರದಲ್ಲಿ ಇಸ್ತ್ರಿ ಮಾಡಿ, ಮಡಿಸಿ, ಎಲ್ಲರ ಮನೆಗೂ ಮುಟ್ಟಿಸಿ ಬಂದೆ.

ಇಲ್ಲೊಂದು ವಿಷಯ ಹೇಳಬೇಕು. ಮಡಿಸಿದ ಅಂಗಿಯ ಕಾಲರ್ ಸೊರಗಬಾರದೆಂದು ಒಳಗೆ ಕಾಗದದ ಪಟ್ಟಿ ಇಡುವುದು ನನ್ನ ಪದ್ಧತಿ. ಯಜಮಾನರ ಹಳೆಯ ಕಾಗದವೆಲ್ಲ ಅದಕ್ಕೇ. ಹೋದ ವರ್ಷ ಡಾಕ್ಟರ ಕುತ್ತಿಗೆಗೆ 'ಸಂಸದೀಯ ಪದ್ಧತಿಯ ದೋಷಗಳು' ಹೋಗಿದ್ದವು, ಯಾರೂ ಗಮನಿಸಿರಲಿಲ್ಲ. ಈ ಸಲ ಕೈಗೆ ಸಿಕ್ಕಿದ್ದು... ಹೌದು. ಅದೇ!

ಸಂಜೆ ಹಲ್ಲಿನ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಚೀಟಿ.

"ಟೈಲರಕ್ಕಾ, ಇದು ನಿಮ್ಮದಾ?"

"ಡಾಕ್ಟ್ರೇ, ಅದು ಏನಂದ್ರೆ..."

"ಕಿವಿಯಲ್ಲಿ ಹತ್ತಿ! ಅದಕ್ಕೇ ನನ್ನ ಮಗ ಮೂರು ವರ್ಷದಿಂದ ಅದೇ ಪಾಠ ಬಾರಿಸ್ತಿದ್ದಾನೆ! ಅಲ್ಲಾ, ಎಷ್ಟು ಚೆನ್ನಾಗಿ ನೋಡಿದೀರಿ!" ಎಂದು ಹಲ್ಲು ಕಿರಿದರು. ಮರುಕ್ಷಣ ಮುಖ ಗಂಭೀರವಾಯಿತು. "ಹಂಗಿದ್ರೆ... ನನ್ನ ಚೀಟಿ ಯಾರ ಕಾಲರಲ್ಲಿದೆ?"

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಪಿಯಾನೊ ಟೀಚರ ಸ್ವರ ಕೇಳಿಸಿತು: "ಲಿಫ್ಟ್ ಡಾಕ್ಟ್ರೇ, ನಿಮ್ಮದು ನಮ್ಮ ಮನೆಯವರ ಅಂಗೀಲಿದೆ ಬನ್ನಿ!"

ಅರ್ಧ ಗಂಟೆಯಲ್ಲಿ ಇಡೀ ಕಟ್ಟಡ ಮೆಟ್ಟಿಲ ಮೇಲಿತ್ತು. ಒಬ್ಬರ ಕಾಲರಿಗೆ ಇನ್ನೊಬ್ಬರು ಕೈಹಾಕಿ ತಮ್ಮ ತಮ್ಮ ಚರಿತ್ರೆ ಹುಡುಕುತ್ತಿದ್ದರು. ಪಕ್ಕದ ಮನೆಯವರ ಚೀಟಿಗೆ ನಗು, ತಮ್ಮದಕ್ಕೆ ಸಿಟ್ಟು!

ಯಜಮಾನರು ನನ್ನನ್ನು ಒಳಗೆಳೆದು ಪಿಸುಗುಟ್ಟಿದರು. "ಇದಕ್ಕೂ ಆಟದಲ್ಲಿ ಗುಂಡಿ ಇದೆ. 'ವಿರೋಧಿಗಳ ಪಿತೂರಿ' ಅಂತ. ಔಷಧಿ ಅಂಗಡಿಯವರೇ ಬರೆಸಿದ್ದು ಅನ್ನು!"

"ಸುಳ್ಳು ಹೇಳೋಕೆ ನನ್ನಿಂದಾಗಲ್ಲ ರೀ. ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಕೂರಬೇಕು."

"ಕೋಣೆ ಹೋಗುತ್ತೆ ಕಣೇ!"

"ಹೋಗ್ಲಿ."

ಮೆಟ್ಟಿಲ ಬುಡಕ್ಕೆ ಹೋಗಿ ನಿಂತೆ. "ಬರೆಸಿದ್ದು ನಾನೇ. ತಪ್ಪಾಯ್ತು. ನನ್ನ ಚೀಟಿಯೊಂದು ಬರೆಸೋದು ಮರೆತಿದ್ದೆ, ಈಗ ಬಾಯಲ್ಲೇ ಹೇಳ್ತೀನಿ ಕೇಳಿ. ಮನೆ ಒಂದು, ಟೈಲರು: ಎರಡು ದಿನ ಅಂದ್ರೆ ಆರು ದಿನ. ಅಂಗಿ ಬಿಗಿಯಾದ್ರೆ 'ನೀವೇ ದಪ್ಪ ಆಗಿದೀರಿ' ಅಂತಾಳೆ. ಎಲ್ಲ ಕೇಳಿಸ್ಕೋತಾಳೆ, ಕೇಳಿಸ್ಕೊಂಡಿದ್ದನ್ನ ಗಂಡನ ಹತ್ರ ಟೈಪ್ ಮಾಡಿಸ್ತಾಳೆ. ಹುಷಾರು!"

ಎರಡನೇ ಮಹಡಿಯಿಂದ ಯಾರೋ, "ದಪ್ಪ ಆಗಿದೀರಿ ಅಂತ ನನಗೂ ಅಂದಿದ್ರು!" ಎಂದರು. "ನನಗೂ!" "ನನಗೆ ಎರಡು ಸಲ!" ನಗು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳುತ್ತ ಕೆಳಗಿಳಿಯಿತು. ಡಾಕ್ಟರು ಲಿಫ್ಟಿನ ಬಾಗಿಲನ್ನು ಕೈಯಲ್ಲಿ ಹಿಡಿದು ನಿಂತು ಎಲ್ಲರನ್ನೂ ಮೇಲೆ ಕಳಿಸಿದರು! ಅಂಥ ದೃಶ್ಯ ಆ ಕಟ್ಟಡ ಹಿಂದೆಂದೂ ಕಂಡಿರಲಿಲ್ಲ.

ಭಾನುವಾರ ಮತ ಬಿತ್ತು. ಮನೆಗೊಂದು ಮತ, ಮುಚ್ಚಿದ ಪೆಟ್ಟಿಗೆ. ಡಾಕ್ಟರೇ ಎಣಿಸಿದರು. ಟೈಲರಕ್ಕ ಒಂದು, ಟೈಲರಕ್ಕ ಎರಡು... ಟೈಲರಕ್ಕ ಇಪ್ಪತ್ತನಾಲ್ಕು!

ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು! ಆಟದಲ್ಲಿ ಕೂಡ ನನಗೆ ಇಂಥ ಗೆಲುವು ಸಿಕ್ಕಿರಲಿಲ್ಲ. ಚಪ್ಪಾಳೆ, ಶಿಳ್ಳೆ. ಯಜಮಾನರು ಸಿಕ್ಕಿದವರಿಗೆಲ್ಲ "ತಂತ್ರ ನನ್ನದೇ" ಎನ್ನುತ್ತ ಓಡಾಡಿದರು. ನಾನು ನನ್ನ ಕೋಣೆಗೆ ಬಂದು ಕಣ್ಣುಮುಚ್ಚಿ ದೇವರಿಗೆ ಕೈಮುಗಿದೆ. ಮೂರು ವಾರ ಕೋಣೆಗಾಗಿ ಬೇಡಿಕೊಂಡಿದ್ದೆ. ಎಷ್ಟು ಬೇಗ ಓಗೊಟ್ಟ! ನನ್ನ ಭಕ್ತಿಯ ಮೇಲೆ ನನಗೇ ಗೌರವ ಬಂತು.

ಕಣ್ಣು ಬಿಟ್ಟರೆ ಎದುರಿಗೆ ಔಷಧಿ ಅಂಗಡಿಯವರು.

ಗೆದ್ದವರು ದೊಡ್ಡ ಮನಸ್ಸು ಮಾಡಬೇಕಲ್ಲವೇ? "ಬೇಜಾರು ಮಾಡ್ಕೋಬೇಡಿ ಅಣ್ಣಾ. ಸೋಲು ಗೆಲುವು ದೇವರ ಕೈಯಲ್ಲಿ," ಎಂದೆ. ಆಗಲೇ ತಲೆಗೆ ಹೊಳೆಯಿತು. "ಅಲ್ಲಾ, ಇಪ್ಪತ್ತನಾಲ್ಕು ಅಂದ್ರೆ ನಿಮ್ಮ ಮತವೂ...?"

"ಪೆಟ್ಟಿಗೆಗೆ ಮೊದಲು ಬಿದ್ದಿದ್ದೇ ನನ್ನದು ತಾಯಿ!" ಎಂದು ಅವರು ಎರಡು ಸೇರು ತೂಗುವ ಕೀಲಿಗೊಂಚಲನ್ನು ಕತ್ತರಿಸುವ ಮೇಜಿನ ಮೇಲೆ ಧಡ್ ಎಂದು ಇಳಿಸಿದರು. "ನೀರಿನ ಪಂಪು ದಿನಾ ಬೆಳಿಗ್ಗೆ ಐದಕ್ಕೆ. ಗುಂಡಿ ಒತ್ತಿದ್ಮೇಲೆ ಎಡಗಡೆ ಒಂದು ಒದೀಬೇಕು. ಲಿಫ್ಟ್ ನಿಂತ್ರೆ ನಿಮ್ಮನ್ನೇ ಕೂಗ್ತಾರೆ. ಚರಂಡಿ ಕಟ್ಟಿದ್ರೂ ನಿಮ್ಮನ್ನೇ."

"ಆದರೆ ನೀವು... ಸ್ಕೂಟರು... ಕೋಣೆ..."

"ಅಯ್ಯೋ, ನಿಮ್ಮನ್ನ ಓಡಿಸಿದ್ರೆ ನನ್ನ ಪ್ಯಾಂಟು ಯಾರು ಹೊಲೀತಾರೆ? ಈ ಕುರ್ಚಿ ಬಿಡೋಕೆ ನಾನೇನೇನು ಮಾಡಿಲ್ಲ! ಹೋದ್ ವರ್ಷದ ಹಿಂದಿನ ವರ್ಷ ಲಿಫ್ಟಿಗೆ ಬೀಗ ಹಾಕಿದೆ. ಆರೋಗ್ಯಕ್ಕೆ ಒಳ್ಳೇದು ಅಂತ ಎಲ್ಲರೂ ಮೆಟ್ಟಿಲು ಹತ್ತಿದ್ರು. ಹೋದ್ ವರ್ಷ ತಾರಸಿಗೆ ಬೀಗ ಹಾಕಿದೆ. ಬಟ್ಟೆ ಕಿಟಕೀಲಿ ಒಣಗಿಸ್ಕೊಂಡ್ರು. ಸಿಟ್ಟಿಗೆದ್ದು ನನ್ನೆದುರು ನಿಲ್ಲೋ ಒಬ್ಬ ಪುಣ್ಯಾತ್ಮ ಬೇಕಿತ್ತು. ಒಂಬತ್ತು ವರ್ಷದಿಂದ ದಿನಾ ದೇವರ ಹತ್ರ ಅದೊಂದೇ ಬೇಡ್ಕೋತಿದ್ದೆ!"

ಕೈಮುಗಿದು, ಶಿಳ್ಳೆ ಹಾಕುತ್ತ, ಮೆಟ್ಟಿಲನ್ನು ಎರಡೆರಡಾಗಿ ಹಾರಿಕೊಂಡು ಹೋದರು.

ನಾನು ಕೀಲಿಗೊಂಚಲನ್ನೇ ನೋಡುತ್ತ ಕೂತೆ. ನಾನು ಬೇಡಿದ್ದು ಮೂರು ವಾರ, ಅವರು ಬೇಡಿದ್ದು ಒಂಬತ್ತು ವರ್ಷ. ದೇವರು ಸರದಿ ತಪ್ಪಿಸುವವನಲ್ಲ. ಅಂದು ಅವನು ಕೇಳಿಸಿಕೊಂಡದ್ದು ಅವರ ಪ್ರಾರ್ಥನೆ. ನಾನು ಅವರಿಗೆ ಸಿಕ್ಕ ವರ!