ಸಸ್ಯಾಹಾರಿಗಳಿಗೆ ಮಾತ್ರ

ದೇವನಹಳ್ಳಿ ಕಡೆಯ ನಮ್ಮೂರ ಹೊಲಗಳಲ್ಲಿ ಯೂನಿವರ್ಸಿಟಿ ಎದ್ದ ಮೇಲೆ ರಾಗಿ ಬೆಳೆಯುವುದು ನಿಂತು ಇಂಥ ಪ್ರಸಂಗಗಳು ಬೆಳೆಯತೊಡಗಿವೆ. ಅಲ್ಲಿ ಹುಡುಗ ಹುಡುಗಿಯರು ಸಮಾನತೆ, ಸ್ವಾತಂತ್ರ್ಯ ಎಲ್ಲವನ್ನೂ ಓದುತ್ತಾರೆ. ಓದಿ, ಸಂಜೆ ಬಾಡಿಗೆ ಮನೆ ಹುಡುಕಿಕೊಂಡು ನಮ್ಮ ಬೀದಿಗೆ ಬರುತ್ತಾರೆ. ನಾನು ದರ್ಜಿ. ನನ್ನ ಅಂಗಡಿ ಇರುವ ಕಟ್ಟಡದ ಯಜಮಾನರು ಜಮೀನು ಮಾರಿದ ದುಡ್ಡಿನಲ್ಲಿ ತಾವಿರುವ ಮನೆಯ ಮೇಲೆ ಇನ್ನೊಂದು ಮನೆ ಕಟ್ಟಿಸಿದರು. ಉಳುವುದಕ್ಕೆ ಹೊಲವಿಲ್ಲ, ಬಾಡಿಗೆ ಬಂದರೇ ಸಂಸಾರ ನಡೆಯಬೇಕು. ಆದರೆ ಮನೆ ಖಾಲಿ.

ಬೋರ್ಡು

ಪಕ್ಕದ ಬೀದಿಯಲ್ಲೆಲ್ಲ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು ನೋಡಿ ಯಜಮಾನರೂ ಒಂದು ಬರೆಸಿ ತಂದರು. ಭಾನುವಾರ ಮಟನ್ ಇಲ್ಲದಿದ್ದರೆ ಮನೆಯಲ್ಲಿ ಯಾರೊಂದಿಗೂ ಮಾತಾಡದ ಮನುಷ್ಯ.

"ಇದೇನ್ ಯಜಮಾನ್ರೇ?"

"ಹಿಂಗ್ ಹಾಕಿದ್ರೆ ಡೀಸೆಂಟ್ ಜನ ಬರ್ತಾರಂತೆ ಕಣಯ್ಯ."

"ಹಂಗಾದ್ರೆ ನೀವು?"

"ನಾನ್ಯಾಕ್ ಬರ್ಲಿ? ನಾನಾಗ್ಲೇ ಇಲ್ಲೇ ಇದೀನಲ್ಲ!"

ವಿಚಾರಣೆ

ಮನೆ ಕೇಳಲು ಬಂದವರನ್ನು ವಿಚಾರಿಸುವ ಖಾತೆ ಯಜಮಾನರ ಹೆಂಡತಿಯದು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ಇಬ್ಬರು ಹುಡುಗರು ಬಂದಾಗ ಅಕ್ಕ, "ನೀವು ಯಾವ ಜನ?" ಎಂದು ಕೇಳಿಬಿಟ್ಟರು. ಜಾತಿ ಕೇಳುವುದು ಏಕೆ ತಪ್ಪು ಎಂದು ಹುಡುಗರು ಕಾಫಿ ಆರಿ ತಣ್ಣಗಾಗುವವರೆಗೆ ವಿವರಿಸಿದರು. ಅಕ್ಕ ಪ್ರತಿ ಮಾತಿಗೂ ತಲೆದೂಗಿದರು.

"ನೀವ್ ಹೇಳೋದೆಲ್ಲಾ ನಿಜ ಕಣ್ರಪ್ಪಾ," ಎಂದು ಕೊನೆಗೆ ದನಿ ತಗ್ಗಿಸಿದರು. "ಇಷ್ಟ್ ಚೆನ್ನಾಗ್ ಮಾತಾಡ್ತೀರಲ್ಲ, ಯಾವ ಜನ?"

ಭಾನುವಾರ

ಬೋರ್ಡು ನೋಡಿ ಖುಷಿಪಟ್ಟು ಒಬ್ಬ ಹುಡುಗಿ ಬಂದು ಸೇರಿದಳು. ಈರುಳ್ಳಿಯನ್ನೂ ಮುಟ್ಟದವಳು. ಮೊದಲ ಭಾನುವಾರ ಕೆಳಗಿನ ಮನೆಯ ಕುಕ್ಕರ್ ಕೂಗಿದ್ದೇ ತಡ, ಮೂಗು ಮುಚ್ಚಿಕೊಂಡು ಇಳಿದು ಬಂದಳು.

"ಅಂಕಲ್, ವೆಜ್ ಅಂತ ಬೋರ್ಡ್ ಇದೆಯಲ್ಲ!"

"ಇದೆಯಮ್ಮಾ. ನಿನಗೇನಾದ್ರೂ ತಿನ್ನು ಅಂತ ಬಲವಂತ ಮಾಡಿದ್ವಾ?"

ಮರುದಿನ ಮನೆ ಮತ್ತೆ ಖಾಲಿ.

ಮೇಷ್ಟ್ರು

ಆಮೇಲೆ ಯೂನಿವರ್ಸಿಟಿಯ ಮೇಷ್ಟ್ರೊಬ್ಬರು ಬಂದರು. ಮುಸ್ಲಿಮರು. ಹತ್ತಿರದಲ್ಲಿ ಯಾರೂ ಮನೆ ಕೊಡದೆ ಹೊಸಕೋಟೆಯಿಂದ ದಿನಾ ಓಡಾಡುತ್ತಿದ್ದರು. ಹೆಸರು ಕೇಳಿದ ಕೂಡಲೇ ಯಜಮಾನರು ಬೋರ್ಡಿನ ಕಡೆ ಕೈ ತೋರಿಸಿದರು.

"ನೋಡೇ ಬಂದೆ ಸಾರ್. ನಾನೂ ನನ್ನ ಹೆಂಡ್ತೀನೂ ಮಾಂಸ ತಿನ್ನಲ್ಲ. ಹಂಗಂದ ತಕ್ಷಣ ಎಲ್ಲಾರೂ, ಮನೆ ಆಗ್ಲೇ ಬೇರೆಯವ್ರಿಗೆ ಕೊಟ್ಟಾಯ್ತು ಅಂತಾರೆ."

ಯಜಮಾನರು ಹೇಳಬೇಕೆಂದಿದ್ದೂ ಅದನ್ನೇ. ಈಗ ಬೋರ್ಡನ್ನೇ ಇನ್ನೊಮ್ಮೆ ಓದತೊಡಗಿದರು. ಆ ಮನುಷ್ಯ ಅದನ್ನು ನಗುತ್ತಲೇ ಹೇಳಿದ್ದು ನೋಡಿ ನನಗೆ ಸಂಕಟವಾಯಿತು.

ಒಳಗಿನಿಂದ ಅಕ್ಕ ಕೂಗಿದರು: "ಬೀಗದ ಕೈ ಕೊಡ್ರೀ! ಆ ಹುಡುಗಿ ಹೋದ್ಮೇಲೂ ಬೋರ್ಡ್‌ನ ನಂಬಿದೋರು ಒಬ್ರು ಬಂದವ್ರೆ."

ಸೌಟು

ಕೆಲವು ದಿನಗಳಾದ ಮೇಲೆ ಮೇಷ್ಟ್ರ ತಾಯಿಯೂ ಬಂದು ಸೇರಿದರು. ಅವರಿಗೆ ಮಗನ ಮನೆಯ ಸೊಪ್ಪು, ಬೇಳೆ ಸಾಕುಸಾಕಾಗಿತ್ತು, ಮೇಲೆ ಮಾಂಸ ಬೇಯಿಸೋಣವೆಂದರೆ ಬೋರ್ಡು ಅಡ್ಡ. ಭಾನುವಾರ ವಾಸನೆ ಹಿಡಿದು ಸೀದಾ ಅಕ್ಕನ ಅಡುಗೆಮನೆಗೆ ಇಳಿದರು. ಮಾಂಸ ಯಾವ ಅಂಗಡಿಯದು ಎಂದು ಮೊದಲು ಕೇಳಿದರು. ಊರಿಗಿರುವುದೇ ಒಂದು ಅಂಗಡಿ, ಅದೂ ಆ ತಾಯಿಯ ದೂರದ ನೆಂಟರದೇ, ಹಲಾಲೇ. ಒಂದು ತುತ್ತು ತಿಂದು, "ಮಸಾಲೆ ಇನ್ನೂ ಹಸಿ ಐತಮ್ಮ, ನೀನ್ ಸರ್ಕೋ," ಎಂದು ಸೌಟು ಕಿತ್ತುಕೊಂಡರು. ಮುಂದಿನ ಭಾನುವಾರ ಅಲ್ಲೇ ಬಿರಿಯಾನಿ ಮಾಡಿದರು. ಕಟ್ಟಡಕ್ಕೆಲ್ಲ ಹಬ್ಬ. ನನ್ನ ಅಂಗಡಿಗೂ ಒಂದು ತಟ್ಟೆ ಬಂತು, ಹಿಂದೆಯೇ ತಮ್ಮ ತಟ್ಟೆ ಹಿಡಿದು ಯಜಮಾನರೂ ಬಂದರು.

"ಇನ್ನಾದ್ರೂ ಆ ಬೋರ್ಡ್ ತೆಗೀರಿ ಯಜಮಾನ್ರೇ," ಎಂದೆ.

ಯಜಮಾನರು ಗಾಬರಿಯಿಂದ ಬಾಯಲ್ಲಿದ್ದ ಮೂಳೆ ಹೊರಗೆ ತೆಗೆದರು.

"ಸುಮ್ನಿರಯ್ಯ! ಬೋರ್ಡ್ ತೆಗೆದ್ರೆ ಆಯಮ್ಮ ಮೇಲ್ಗಡೆನೇ ಮಾಡ್ಕೊಂಡು ತಿಂದ್ಬಿಡ್ತಾರೆ. ನಮಗ್ ಯಾರ್ ಕೊಡ್ತಾರೆ?"