ಯಾವ ಪರವಾಗಿಲ್ಲ?

ನಮ್ಮ ಅತ್ತಿಗೆಯ ಮನೆಯಲ್ಲಿ ಇನ್ನೂ ಉಳಿದುಕೊಂಡಿರುವ ಹಳೆಯ ಸಾಮಾನು ಎಂದರೆ ನಮ್ಮ ಅಣ್ಣ ಒಬ್ಬನೇ! ಅದೂ ಪರ್ಮನೆಂಟ್ ಎಂದು ತಿಳಿಯಬೇಡಿ. "ನಿಮ್ಮಣ್ಣನ್ನ ಇನ್ನೂ ಪರಿಶೀಲನೆಯಲ್ಲಿ ಇಟ್ಟೀನಿ" ಎಂದು ಅತ್ತಿಗೆ ಅವನೆದುರಿಗೇ ಹೇಳುತ್ತಾರೆ. ಅಣ್ಣ ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಾನೆ.

ಅತ್ತಿಗೆ ಶಿಕಾರಿಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾರೆ. ಅದು ಹೊಟ್ಟೆಪಾಡು. ನಿಜವಾದ ಕಸುಬು ಕಸ ಗುಡಿಸುವುದು. ಮನೆಯ ಕಸವಲ್ಲ ಸ್ವಾಮಿ, ಲಿನಕ್ಸ್ ಎಂದು ದುಡ್ಡಿಲ್ಲದೆ ಸಿಗುವ ಕಂಪ್ಯೂಟರ್ ವ್ಯವಸ್ಥೆಯೊಂದು ಇದೆಯಲ್ಲ, ಅದರ ಕಸ! ಅದರ ತಿರುಳಿಗೆ ಕರ್ನೆಲ್ ಅಂತಾರಂತೆ. ಪರದೆಯ ಮೇಲೆ ಬಣ್ಣ, ಗೆರೆ ಮೂಡಿಸುವ ಭಾಗಕ್ಕೆ ಗ್ರಾಫಿಕ್ಸ್ ಡ್ರೈವರ್ ಅಂತಾರಂತೆ. ಯಾರ್ಯಾರೋ ಯಾವ ಕಾಲದಲ್ಲೋ ಬರೆದಿಟ್ಟು ಹೋದ ಸಾಲುಗಳು ಅಲ್ಲಿ ರಾಶಿ ಬಿದ್ದಿವೆ. ನಮ್ಮ ಅತ್ತಿಗೆ ಸಂಬಳವಿಲ್ಲದೆ, ಯಾರೂ ಕರೆಯದೆ, ಆ ರಾಶಿಯಲ್ಲಿ ಕೂತು ಬೇಡದ್ದನ್ನೆಲ್ಲ ಅಳಿಸುತ್ತಾರೆ. ಬೇರೆಯವರು ಏನಾದರೂ ಬರೆದು ಹಿಗ್ಗಿದರೆ ಇವರು "ಇವತ್ತು ಎಷ್ಟು ಅಳಿಸಿದೆ ಗೊತ್ತೇನೋ!" ಎಂದು ಹಿಗ್ಗುತ್ತಾರೆ.

ಅವರ ಜೊತೆಗೇ ಇರುವ ನಮ್ಮಮ್ಮನಿಗೆ ಇದನ್ನೆಲ್ಲ ವಿವರಿಸಿದ್ದು ನಾನೇ. ಅಮ್ಮ ಅದನ್ನು ಪಕ್ಕದ ಮನೆಯವರಿಗೆ ಚುಟುಕಾಗಿ ಹೇಳಿದಳು: "ನಮ್ಮ ಸೊಸೆ ಕರ್ನೆಲ್ ಡ್ರೈವರ್ ಕೆಲಸಾನೂ ಮಾಡ್ತಾಳೆ."

"ಕರ್ನಲ್ ಸಾಹೇಬ್ರ ಡ್ರೈವರ್ರಾ? ಮಿಲಿಟರಿ ಜೀಪೇನ್ರೀ?"

"ಜೀಪು ಗೀಪು ನಾ ಕಾಣೆ. ಮನೇಲೇ ಕೂತು ಓಡಿಸ್ತಾಳೆ."

ಆ ವಾರವೇ ಅವರು, ಶಿವಮೊಗ್ಗಕ್ಕೊಂದು ಮದುವೆಗೆ ಹೋಗಬೇಕು, ನೀವೇ ಗಾಡಿ ಓಡಿಸ್ತೀರಾ ಎಂದು ಅತ್ತಿಗೆಯನ್ನು ಕೇಳಿಕೊಂಡು ಬಂದರು.

ಕಾಲೇಜು, ಕರ್ನೆಲ್ ಎರಡೂ ಮುಗಿದ ಮೇಲೆ ಉಳಿಯುವ ಶಕ್ತಿಯೆಲ್ಲ ಮನೆಯ ಮೇಲೆ ಬೀಳುತ್ತದೆ. ಇಲ್ಲಿಯೂ ಲಿನಕ್ಸಿನ ಕಟ್ಟಳೆಯೇ. ಯಾವುದಾದರೂ ವಸ್ತು ದಂಡಕ್ಕೆ ಬಿದ್ದಿದೆ ಎನಿಸಿದರೆ ಅದನ್ನು ನಡುಮನೆಗೆ ತಂದಿಟ್ಟು "ಇದು ಯಾರಿಗಾದ್ರೂ ಬೇಕೇನ್ರೀ?" ಎಂದು ಗಟ್ಟಿಯಾಗಿ ಕೇಳುವುದು. ತಕರಾರು ಬರದಿದ್ದರೆ ಸೀದಾ ಶಿರಾಳಕೊಪ್ಪದ ಗುಜರಿಯವನಿಗೆ! ಅಣ್ಣನ ಕೇರಂ ಬೋರ್ಡು ಹೋದದ್ದು ಹೀಗೆ.

"ನಾನು ಸ್ನಾನ ಮಾಡ್ತಿದ್ದೆ ಕಣೇ!"

"ಕೇಳಿದೆ ರೀ. ಯಾರೂ ಉಸಿರೆತ್ತಲಿಲ್ಲ."

"ತಲೆ ಮೇಲೆ ನೀರು ಸುರ್ಕೊಳ್ಳೋನು ಹೆಂಗೆ ಉಸಿರೆತ್ಲಿ ಮಾರಾಯ್ತಿ?"

ಆಮೇಲೆ ಮನೆ ಮುಂದಿನ ಗೇಟಿನ ಸರದಿ ಬಂತು. ಅದು ತುಕ್ಕು ಹಿಡಿದು, ತೆಗೆದರೆ ಬೀದಿಗೆಲ್ಲ ಕೇಳುವಂತೆ ಕಿರ್ರ್ ಎನ್ನುತ್ತಿತ್ತು. "ಅತ್ತೆ, ಗೇಟು ಬದಲಾಯಿಸ್ಲೇನು?" ಎಂದು ಅಡುಗೆಮನೆಯತ್ತ ಕೂಗಿದರು. "ಪರವಾಗಿಲ್ಲ ಬಿಡೇ" ಎಂದಳು ಅಮ್ಮ. ಒಂದೇ ವಾರದಲ್ಲಿ, ಸದ್ದೇ ಮಾಡದ ಹೊಸ ಗೇಟು ಬಂದು ನಿಂತಿತು.

ಇನ್ನು ನನ್ನ ಫಜೀತಿ ಕೇಳಿ. ಸೊರಬದಲ್ಲಿ ನನ್ನದೊಂದು ಕೆತ್ತನೆ ಕೆಲಸದ ಅಂಗಡಿ. ದೇವರಮನೆಯ ಬಾಗಿಲ ಮೇಲೆ ಲಕ್ಷ್ಮಿ, ಆನೆ, ಬಳ್ಳಿ ಕೆತ್ತಿಕೊಡುತ್ತೇನೆ. ಕೆತ್ತುವುದು ನಾನಲ್ಲ, ಕಂಪ್ಯೂಟರ್ ಹೇಳಿದಂತೆ ಕೇಳುವ ಒಂದು ಮಿಷನ್. ಅದನ್ನು ನಡೆಸುವ ಸಾಫ್ಟ್‌ವೇರ್ ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಇದ್ದಾಗಲೂ ಒಳಗೇನಿದೆ ಎಂದು ಯಾರಿಗೂ ತೋರಿಸಿದವರಲ್ಲ. ಈಗ ಅದನ್ನು ತಿದ್ದಬಲ್ಲವರು ಭೂಮಿಯ ಮೇಲೆ ಯಾರೂ ಇಲ್ಲ! ಅದು ನಡೆಯುವಷ್ಟು ದಿನ ನನ್ನ ಅಂಗಡಿ. ನಿಂತ ದಿನ ಮಿಷನ್ನೂ ಗುಜರಿಗೆ, ಹಿಂದಿನಿಂದ ನಾನೂ. ಪುಣ್ಯಕ್ಕೆ ಅದು ನಡೆಯುವುದು ಲಿನಕ್ಸಿನ ಮೇಲೆ. ಹಾಗಾಗಿ ಅತ್ತಿಗೆ ತಾವು ಗುಡಿಸಿ ಸಾರಿಸಿದ ಕರ್ನೆಲನ್ನು ಶಿಕಾರಿಪುರದಿಂದಲೇ ಮೊದಲು ನನ್ನ ಕಂಪ್ಯೂಟರಿಗೆ ಹಾಕಿ ನೋಡುತ್ತಾರೆ.

ಒಂದು ದಿನ ಹೀಗೆ ಹಾಕಿ ಫೋನು ಮಾಡಿದರು. "ಒಂದೇ ಕೆಲಸ ಎರಡೆರಡು ಕಡೆ ಬರೆದಿಟ್ಟಿದ್ರು ಕಣೋ, ಒಂದನ್ನ ತೆಗ್ದೀನಿ. ಹೆಂಗೈತೆ ಈಗ?"

ಪರದೆ ನೋಡಿದೆ. ಮರ ಕೊರೆಯುವ ಗೆರೆ ಕೆಂಪಾಗಿ ಕಾಣಬೇಕು, ಕೊರೆಯದೆ ಮೇಲಿಂದ ದಾಟುವ ಗೆರೆ ನೀಲಿಯಾಗಿ ಕಾಣಬೇಕು. ಎರಡೂ ಅದಲುಬದಲಾಗಿ ಲಕ್ಷ್ಮಿ ಕೃಷ್ಣನ ಬಣ್ಣಕ್ಕೆ ತಿರುಗಿದ್ದಳು! ಆದರೆ ಪಾಪ, ಕಾಲೇಜು, ಮನೆ ಎಲ್ಲ ಮುಗಿಸಿ ಅಷ್ಟು ಕಷ್ಟಪಟ್ಟಿದ್ದಾರೆ, ಕೆಟ್ಟಿದೆ ಅನ್ನಲು ಬಾಯಿ ಬರುತ್ತದೆಯೇ? "ಪರವಾಗಿಲ್ಲ ಅತ್ತಿಗೆ" ಎಂದೆ.

ಎಡವಟ್ಟಾದದ್ದು ಇಲ್ಲೇ. ನಾನು ಹೇಳಿದ್ದು 'ಹೋಗಲಿ ಬಿಡಿ, ಹೇಗೋ ಸುಧಾರಿಸಿಕೊಳ್ಳುತ್ತೇನೆ' ಎಂಬ ಪರವಾಗಿಲ್ಲ. ಅವರು ಕೇಳಿಸಿಕೊಂಡದ್ದು 'ಚೆನ್ನಾಗಿಯೇ ಇದೆ' ಎಂಬ ಪರವಾಗಿಲ್ಲ! ನಾವು ಎರಡಕ್ಕೂ ಒಂದೇ ಮಾತು ಇಟ್ಟುಕೊಂಡಿದ್ದೇವೆ, ಏನು ಮಾಡೋಣ? ಅತ್ತಿಗೆ ಉತ್ಸಾಹಗೊಂಡು, ಯಾರದೂ ತಕರಾರಿಲ್ಲದಿದ್ದರೆ ಮುಂದಿನ ಸಲ ಅದರಲ್ಲಿ ಇನ್ನೂ ಉಳಿದಿರುವ ಹಳೆಯ ಸಾಲುಗಳನ್ನೂ ಪೂರ್ತಿ ಕಿತ್ತು ಹಾಕುತ್ತೇನೆ ಎಂದು ಪ್ರಪಂಚಕ್ಕೆಲ್ಲ ಸಾರಿದರು. ಅವು ಹೋದರೆ ನನ್ನ ಪರದೆ ಪೂರ್ತಿ ಕಪ್ಪು. ಪ್ರಪಂಚದಲ್ಲಿ ತಕರಾರು ಮಾಡಬೇಕಾಗಿದ್ದವನು ನಾನೊಬ್ಬನೇ, ಮತ್ತು ನಾನು ಸೊರಬದಲ್ಲಿ ಕೂತು 'ನೀಲಿ ಅಂದ್ರೆ ಕೆಂಪು, ಕೆಂಪು ಅಂದ್ರೆ ನೀಲಿ' ಎಂದು ಬಾಯಿಪಾಠ ಮಾಡುತ್ತಿದ್ದೆ.

ಬಾಯಿಪಾಠ ಎಷ್ಟು ದಿನ ನಿಂತೀತು? ಶಿರಾಳಕೊಪ್ಪದ ಗಿರಾಕಿಯೊಬ್ಬರ ಗಜಲಕ್ಷ್ಮಿ ಬಾಗಿಲು ಅರ್ಜೆಂಟಿತ್ತು. ಆತುರದಲ್ಲಿ ಕಣ್ಣು ಹಳೆಯ ಅಭ್ಯಾಸಕ್ಕೆ ಹೊರಳಿತು. ಉಳಿಯಬೇಕಾದ ಸೊಂಡಿಲುಗಳನ್ನೇ ಕೊರೆಯಲು ಬಿಟ್ಟುಬಿಟ್ಟೆ. ಗಿರಾಕಿ ಬಂದು ನೋಡಿದವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನ್ರೀ ಇದು, ಲಕ್ಷ್ಮೀ ಆಜುಬಾಜು ಎಮ್ಮೆ ಕುಂದ್ರಿಸೀರಿ!"

ಆ ಭಾನುವಾರ ಅತ್ತಿಗೆ ಬಸ್ಸು ಹಿಡಿದು ಸೊರಬಕ್ಕೆ ಬಂದರು. ನನ್ನ ಹೆಂಡತಿ ಕೊಟ್ಟ ಚಾ ಕುಡಿಯುತ್ತ, "ನಮ್ಮನೇಲಿ ಈಗ ಕಾಲೇಜಿಂದ ಬಂದ್ರೆ ಚಾನೂ ಇಲ್ಲ. ಅತ್ತೆಗೆ ನನ್ ಮೇಲೆ ಏನು ಸಿಟ್ಟೋ" ಎಂದರು. ಅಷ್ಟರಲ್ಲಿ ಎಮ್ಮೆಗಳು ಕಣ್ಣಿಗೆ ಬಿದ್ದವು. ಅಲ್ಲಿಂದ ಪರದೆಗೆ ಹೋದರು.

"ಇದ್ಯಾಕೋ ನೀಲಿ?"

"ಆವತ್ತೇ ಹೇಳಿದ್ನಲ್ಲ ಅತ್ತಿಗೆ, ಪರವಾಗಿಲ್ಲ ಅಂತ."

"ಯಾವ ಪರವಾಗಿಲ್ಲ?" ಎಂದವರು ಲೋಟ ಕೆಳಗಿಟ್ಟರು. "ಅಯ್ಯೋ ಪುಣ್ಯಾತ್ಮಾ! ಈ ವಾರ ಹಳೇದನ್ನ ಪೂರ್ತಿ ತೆಗೀತಿದ್ನಲ್ಲೋ! ನಿನ್ನ ಅಂಗಡೀನ ನನ್ನ ಕೈಯಾರೆ ಮುಚ್ಚಿಸ್ತಿದ್ನಲ್ಲೋ!"

ಬಳಸುವವರ ಕೆಲಸ ಕೆಡಿಸಬಾರದು ಎನ್ನುವುದು ಅವರ ಮಂದಿಯ ದೊಡ್ಡ ಕಟ್ಟಳೆಯಂತೆ. ನಾನೇ ದೂರು ಬರೆಯಬೇಕೆಂದು ಕೂರಿಸಿದರು. ನಾನು ಬರೆದೆ: 'ಮಾನ್ಯರೇ, ತಮ್ಮ ಕೆಲಸ ಬಹಳ ಚೆನ್ನಾಗಿದೆ. ತೊಂದರೆ ಅಂಥದ್ದೇನೂ ಇಲ್ಲ. ಆದರೂ ತಮಗೆ ಬಿಡುವಾದಾಗ...'

"ಇದು ದೂರೋ, ಲಗ್ನಪತ್ರಿಕೆಯೋ?" ಎಂದು ಕಸಿದುಕೊಂಡು ಅವರೇ ಬರೆದರು. ಅವರ ಕೆಲಸ ಮೆಚ್ಚಿ ಬೆನ್ನು ತಟ್ಟಿದ್ದ ಲಿನಕ್ಸಿನ ಮಂದಿಯೆದುರಿಗೇ 'ನನ್ನಿಂದಲೇ ತಪ್ಪಾಯಿತು' ಎಂದು ಒಪ್ಪಿಕೊಂಡರು. ಹಳೆಯ ಕಸವನ್ನೇನೂ ವಾಪಸು ತರಲಿಲ್ಲ. ಹೊಸದನ್ನೇ ಉಳಿಸಿ, ಅದು ನನ್ನ ಸಾಫ್ಟ್‌ವೇರಿನೊಡನೆ ಹಳೆಯದರ ಹಾಗೇ ಮಾತಾಡುವಂತೆ ಪುಟ್ಟದೊಂದು ತುಂಡು ಸೇರಿಸಿದರು. ನನ್ನ ಕೆಂಪು ಕೆಂಪಾಯಿತು. ಹೊಸ ಹಲಗೆಯಲ್ಲಿ ಎಮ್ಮೆಗಳು ಆನೆಗಳಾದವು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಮುಂದೆ ನಾನು ಶಿಕಾರಿಪುರಕ್ಕೆ ಹೋದಾಗ ಅತ್ತಿಗೆ ಇದ್ದಕ್ಕಿದ್ದಂತೆ ಅಮ್ಮನ ಎದುರು ಬಂದು ಕೂತರು.

"ಅತ್ತೆ, ಗೇಟು ಬದಲಾಯಿಸ್ಲಾ ಅಂದಾಗ ಪರವಾಗಿಲ್ಲ ಅಂದ್ರಲ್ಲ. ಯಾವ ಪರವಾಗಿಲ್ಲ ಅದು?"

"ಹೋಗ್ಲಿ ಬಿಡೇ, ಈಗ್ಯಾಕೆ ಅದು?"

"ಹೇಳ್ರೀ ಅತ್ತೆ."

ಅಮ್ಮ ಸೆರಗಿನ ತುದಿ ಹಿಡಿದುಕೊಂಡು ನಾಚಿಕೊಂಡೇ ಹೇಳಿದಳು. "ಹಳೇ ಗೇಟು ಗಿಡ್ಡಕ್ಕೆ ಕಿರ್ ಅಂದ್ರೆ ನಿನ್ ಗಂಡ. ಉದ್ದಕ್ಕೆ ಕಿರ್ರ್ ಅಂದ್ರೆ ನೀನು. ಉದ್ದಕ್ಕೆ ಕೇಳಿದ ಕೂಡ್ಲೆ ಚಾಕ್ಕೆ ಇಡ್ತಿದ್ದೆ. ನೀನು ಕೈಕಾಲು ತೊಳ್ಕೊಂಡು ಬರೋದ್ರೊಳಗೆ ಕುದ್ದಿರ್ತಿತ್ತು. ಈಗ ನೀನು ಬಂದಿದ್ದೇ ಗೊತ್ತಾಗಲ್ಲ ಮಗಾ."

ನಮ್ಮ ಅತ್ತಿಗೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾರನೆಯ ದಿನ ರಜೆ ಹಾಕಿ ಶಿರಾಳಕೊಪ್ಪದ ಗುಜರಿಗೆ ಓಡಿದರು. ಹಳೆಯ ಗೇಟು ಆಗಲೇ ಕರಗಲು ಹೋಗಿತ್ತು.

ಈಗ ನೀವು ಸಂಜೆ ಆ ಬೀದಿಯಲ್ಲಿ ಹೋದರೆ ನೋಡಬಹುದು. ಹೆಗಲಿಗೆ ಬ್ಯಾಗು ಹಾಕಿಕೊಂಡ ಲೆಕ್ಚರರ್ ಒಬ್ಬರು ಸದ್ದಿಲ್ಲದ ಗೇಟು ತೆಗೆದು ಅಲ್ಲೇ ನಿಲ್ಲುತ್ತಾರೆ. ಎದುರುಮನೆಯವರು ನೋಡುತ್ತಿದ್ದರೂ ಲೆಕ್ಕಿಸದೆ, ತಲೆ ಎತ್ತಿ, ಬಾಯಲ್ಲೇ ಉದ್ದಕ್ಕೆ "ಕಿರ್ರ್ರ್ರ್" ಅನ್ನುತ್ತಾರೆ! ಅಣ್ಣನೂ ಚಾದ ಆಸೆಗೆ ಒಮ್ಮೆ ಉದ್ದಕ್ಕೆ ಎಳೆದು ನೋಡಿದ. "ನಿಂದು ಗಿಡ್ಡದು ಕಣೋ, ಸುಮ್ನೆ ಒಳಗೆ ಬಾ" ಎಂದಳಂತೆ ಅಮ್ಮ.

ಮೊನ್ನೆ ನಾನು ಅಡುಗೆಮನೆಯಲ್ಲಿ ಅಮ್ಮನ ಜೊತೆಗಿದ್ದೆ. ಹೊರಗಿನಿಂದ ಉದ್ದನೆಯ ಕಿರ್ರ್ ಕೇಳಿತು. ಅಮ್ಮ ನನ್ನ ಮಾತನ್ನು ಅರ್ಧಕ್ಕೇ ಬಿಟ್ಟು, "ಬಂದ್ಲು" ಎಂದು ಒಲೆ ಹಚ್ಚಿದಳು.