ಮೂರು ಸಲ ಹೌದು ಅಂದದ್ದು

ಕೆಲವರಿಗೆ ಯಾರ ಮುಂದೆಯೂ ‘ಇಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಅಂಥವರ ಮನೆಯ ಏಣಿ, ಛತ್ರಿ, ಇಡ್ಲಿ ಪಾತ್ರೆ ಯಾವಾಗಲೂ ಬೇರೆಯವರ ಮನೆಯಲ್ಲಿರುತ್ತವೆ. ನನ್ನ ರೋಗ ಅದಲ್ಲ. ನನಗೆ ‘ಹೌದು’ ಎನ್ನಲು ಬರುವುದಿಲ್ಲ. ನಾನು ಮೂವತ್ತು ವರ್ಷ ಕಾರ್ಖಾನೆಯ ಸ್ಟೋರಿನಲ್ಲಿ ಕೂತು ಬಂದವನು. ಯಾರು ಏನು ಕೇಳಿಕೊಂಡು ಬಂದರೂ ಮೊದಲು ‘ಇಲ್ಲ’ ಅನ್ನಬೇಕು, ಆಮೇಲೆ ಹುಡುಕಬೇಕು ಎಂಬುದು ಸ್ಟೋರಿನವರು ಕಲಿಯುವ ಮೊದಲ ಪಾಠ. ನಿವೃತ್ತಿಯಾದ ದಿನ ಕಾರ್ಖಾನೆಯ ಗುರುತಿನ ಚೀಟಿ ವಾಪಸು ಕೊಟ್ಟೆ, ಈ ಚಾಳಿಯನ್ನು ಮಾತ್ರ ಮನೆಗೆ ತಂದೆ. ಹೆಂಡತಿ ಶಾಂತಾ ‘ಚಹಾ ಬೇಕೇನ್ರಿ’ ಎಂದು ಕೇಳಿದರೂ ನಾನು ‘ನೋಡೋಣ’ ಅನ್ನುತ್ತೇನೆ. ಅವಳು ಅದನ್ನೇ ಹೌದು ಎಂದು ತಿಳಿದು ಕಪ್ಪು ತಂದಿಡುತ್ತಾಳೆ. ವಯಸ್ಸಿನ ಕಾರಣಕ್ಕೆ ಎಡಗಿವಿ ಬೇರೆ ಮಂದವಾಗಿದೆ. ಇಂಥ ನಾನು ಒಂದೇ ಫೋನಿನಲ್ಲಿ, ಒಬ್ಬರಿಗೇ, ಮೂರು ಸಲ ಹೌದು ಅಂದೆ ಎಂದರೆ ನಂಬುವುದು ಕಷ್ಟ. ನನಗೂ ಕಷ್ಟವಾಯಿತು.

ಕಾಳಿ ನದಿಯ ದಂಡೆಯ ನಮ್ಮೂರಿನಲ್ಲಿ, ಬಂಗೂರನಗರದಾಚೆ, ನಮ್ಮದೊಂದು ಹೊಸ ಬಡಾವಣೆ. ಅಲ್ಲಿಯ ಬ್ಯಾಪ್ಟಿಸ್ಟ್ ಸಭೆ ಶುರುವಾದದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಹನ್ನೊಂದು ಜನರಿಂದ. ಭಾನುವಾರ ಟೀವಿಯನ್ನು ಗೋಡೆಗೆ ತಿರುಗಿಸಿ, ಅದರ ಮೇಲೆ ಕಸೂತಿ ಬಟ್ಟೆ ಹಾಕಿ, ಪಾಸ್ಟರ್ ಜಯರಾಜ್ ಅಲ್ಲೇ ನಿಂತು ಪ್ರಸಂಗ ಮಾಡುತ್ತಿದ್ದರು. ಅವರು ಕೋಲಾರದ ಕಡೆಯ ಹುಡುಗುಮುಖದ ಮನುಷ್ಯ. ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ನಕ್ಕುಬಿಡುತ್ತಾರೆ. ಜನ ಹೆಚ್ಚಾದ ಮೇಲೆ ಸೈಟು ಕೊಂಡು, ತಗಡಿನ ಮಾಡಿನ ಕಟ್ಟಡ ಎಬ್ಬಿಸಿದೆವು. ಕೀಬೋರ್ಡು ಬಂತು. ಅದರ ತಾಳ ಒಮ್ಮೆ ಶುರುವಾದರೆ ನಿಲ್ಲಿಸುವ ಗುಂಡಿ ಯಾವುದೆಂದು ನುಡಿಸುವವಳಿಗೆ ಇಂದಿಗೂ ತಿಳಿದಿಲ್ಲವಾದ್ದರಿಂದ ನಮ್ಮ ಪ್ರಾರ್ಥನೆಗಳೆಲ್ಲ ತಾಳಬದ್ಧವಾಗಿಯೇ ನಡೆಯುತ್ತವೆ. ಪಕ್ಕದ ಮನೆಯ ಗುರುಸಿದ್ದಪ್ಪನವರು ಕಿರಾಣಿ ಅಂಗಡಿಯವರು, ಹಣೆತುಂಬ ವಿಭೂತಿ ಹಚ್ಚುವ ಶಿವಭಕ್ತರು. ಕಟ್ಟಡಕ್ಕೆ ಪಾಯ ತೆಗೆಯುವಾಗ ನೆರಳಿಗೆ ನಿಂತು, “ಪ್ರಭಾಕರ ಅವರ, ಊರಾಗ ಇಷ್ಟ ಚರ್ಚ್ ಅದಾವಲ್ಲ, ಇದರದೇನ ವಿಶೇಷ?” ಎಂದು ಕೇಳಿದರು. ನಮ್ಮಲ್ಲಿ ಕೂಸಿನ ತಲೆಗೆ ನೀರು ಚಿಮುಕಿಸಿ ದೀಕ್ಷೆ ಕೊಡುವುದಿಲ್ಲ, ದೊಡ್ಡವರಾದ ಮೇಲೆ ತಿಳಿದು ನಂಬಿದವರನ್ನು ಪೂರಾ ನೀರಿನಲ್ಲಿ ಮುಳುಗಿಸಿ ಎಬ್ಬಿಸುತ್ತೇವೆ ಎಂದು ವಿವರಿಸಿದೆ. ಅವರು ಅಷ್ಟೂ ಕೇಳಿಕೊಂಡು, “ನೀವು ಮುಳುಗೀರೇನು?” ಎಂದರು. ನಾನು ಸಿಮೆಂಟಿನ ಲಾರಿ ಬಂತೇನೋ ನೋಡಬೇಕೆಂದು ಹೇಳಿ ಅಲ್ಲಿಂದ ಹೊರಟೆ.

ನಾನು ಮುಳುಗಿರಲಿಲ್ಲ. ಹಳಿಯಾಳದ ಹಳೆಯ ಸಭೆಯಲ್ಲಿ ಎರಡು ತಿಂಗಳ ಕೂಸಾಗಿದ್ದಾಗ ನನ್ನ ತಲೆಗೆ ನೀರು ಚಿಮುಕಿಸಿದ್ದರು. ನನ್ನ ಮಟ್ಟಿಗೆ ಅಷ್ಟು ನೀರು ಸಾಕಾಗಿತ್ತು. ಒಂಬತ್ತನೇ ವಯಸ್ಸಿನಲ್ಲಿ ಕೆರೆಯ ಪಾಚಿಗೆ ಕಾಲು ಜಾರಿ ಒಳಗೆ ಹೋದವನನ್ನು ನಮ್ಮ ಸೋದರಮಾವ ಕೂದಲು ಹಿಡಿದು ಎಳೆದಿದ್ದ. ಅಂದಿನಿಂದ ನಾನು ತಂಬಿಗೆಯ ಮನುಷ್ಯ. ತಲೆಗೆ ನೀರು ಹೊಯ್ದುಕೊಳ್ಳುವಾಗಲೂ ಒಂದು ಕಣ್ಣು ತೆರೆದಿಟ್ಟಿರುತ್ತೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಶಾಂತಾಗೂ ಸಹ. ಅವಳು ಮೂರು ವರ್ಷದ ಹಿಂದೆಯೇ ಹುಬ್ಬಳ್ಳಿಯ ಸಭೆಯೊಂದರಲ್ಲಿ ಮುಳುಗಿ ಬಂದಿದ್ದಳು. ನನ್ನನ್ನು ಕೇಳಿದಾಗ, ‘ಇನ್ನೂ ಮನಸ್ಸು ಸಿದ್ಧ ಆಗಿಲ್ಲ’ ಎಂದು ಗಂಭೀರವಾಗಿ ಹೇಳಿ ತಪ್ಪಿಸಿಕೊಂಡಿದ್ದೆ. ಮನಸ್ಸು ಯಾವತ್ತೋ ಸಿದ್ಧವಾಗಿತ್ತು. ಸಿದ್ಧವಾಗದೆ ಉಳಿದದ್ದು ಮೂಗು.

ತಮಾಷೆ ಇರಲಿ, ಇದರಲ್ಲೊಂದು ಮುಳ್ಳಿತ್ತು. ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ, ಎಂದರೆ ಕರ್ತನ ಕೊನೆಯ ಊಟದ ನೆನಪಿನ ವಿಧಿ. ರೊಟ್ಟಿಯ ಚೂರುಗಳ ತಟ್ಟೆ ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತದೆ. ನಮ್ಮ ಸಭೆಯ ಪದ್ಧತಿಯಂತೆ ಮುಳುಗಿ ಎದ್ದವರು ಮಾತ್ರ ತೆಗೆದುಕೊಳ್ಳುತ್ತಾರೆ. ಶಾಂತಾ ಒಂದು ಚೂರು ತೆಗೆದುಕೊಂಡು, ನನ್ನ ಮುಂದಿನಿಂದ ಕೈ ಚಾಚಿ, ತಟ್ಟೆಯನ್ನು ನನ್ನಾಚೆ ಕೂತವರಿಗೆ ದಾಟಿಸುತ್ತಿದ್ದಳು. ಒಂದೇ ತಾಟಿನಲ್ಲಿ ಎಷ್ಟೋ ಸಲ ಉಂಡ ನಾವು, ಅಲ್ಲಿ ಮಾತ್ರ ಬೇರೆಯಾಗುತ್ತಿದ್ದೆವು. ಅವಳು ಒಮ್ಮೆಯೂ ಏನೂ ಅನ್ನಲಿಲ್ಲ. ಅಂದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ.

ನಮ್ಮೂರಿನ ಮೊಸಳೆಗಳು ಕೆಲ ಕಾಲ ನನ್ನ ಪರವಾಗಿ ನಿಂತವು. ಪಾಸ್ಟರ್ ಹೊಸದಾಗಿ ಬಂದವರು, ಕಾಳಿ ನದಿಯ ಚಂದಕ್ಕೆ ಮರುಳಾಗಿ, “ಅಂಕಲ್, ಎಷ್ಟು ಒಳ್ಳೇ ಹೊಳೆ ಇದೆ, ಇಲ್ಲೇ ದೀಕ್ಷಾಸ್ನಾನ ಇಟ್ಕೊಳ್ಳೋಣ” ಎಂದರು. ನಾನು ಅವರನ್ನು ದಂಡೆಗೆ ಕರೆದುಕೊಂಡು ಹೋಗಿ, ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲಿಗೆ ಮೈ ಕಾಯಿಸುತ್ತಿದ್ದ ಒಂದನ್ನು ತೋರಿಸಿದೆ. ಅವರು ಅದನ್ನು ಮರದ ದಿಮ್ಮಿ ಎಂದು ತಿಳಿದಿದ್ದರಂತೆ. ದಿಮ್ಮಿ ನೀರಿಗಿಳಿದು ಹೋದ ಮೇಲೆ ಆ ಮಾತು ಮತ್ತೆ ಬರಲಿಲ್ಲ. ಆಮೇಲೆ ಯಾರೋ ರಿಸಾರ್ಟಿನ ಈಜುಕೊಳ ಎಂದರು. ಚಡ್ಡಿ ಹಾಕಿಕೊಂಡ ಪ್ರವಾಸಿಗರ ನಡುವೆ ಇಂಥ ಪವಿತ್ರ ಕಾರ್ಯವೇ ಎಂದು ನಾನು ಎಷ್ಟು ಮನಮುಟ್ಟುವಂತೆ ಕೇಳಿದೆನೆಂದರೆ ಮಹಿಳಾ ಸಂಘದವರು ಒಕ್ಕೊರಲಿನಿಂದ ನನ್ನ ಕಡೆಯಾದರು. ಕೊನೆಗೆ ಹೊಸ ಚರ್ಚಿನ ಒಳಗೇ, ವೇದಿಕೆಯ ಹಲಗೆಗಳ ಕೆಳಗೆ, ನಮ್ಮದೇ ಒಂದು ನೀರಿನ ತೊಟ್ಟಿ ಕಟ್ಟಿಸುವುದೆಂದು ನಿರ್ಣಯವಾಯಿತು. ನಿವೃತ್ತ ಮನುಷ್ಯ, ಸಿಮೆಂಟು ಕಬ್ಬಿಣ ತಿಳಿದವನು ಎಂದು ಅದರ ಉಸ್ತುವಾರಿಯನ್ನು ನನಗೇ ಒಪ್ಪಿಸಿದರು.

ಕಟ್ಟಲು ಬಂದವನು ಹಳಿಯಾಳದ ದಸ್ತಗೀರ್ ಮಿಸ್ತ್ರಿ. ನಮ್ಮ ಕಡೆ ನೀರಿನ ತೊಟ್ಟಿಗೆ ‘ಹೌದ’ ಎನ್ನುತ್ತೇವೆ. ಹೌದ ಕಟ್ಟುವುದರಲ್ಲಿ ದಸ್ತಗೀರನ ಹೆಸರು ಸುತ್ತಲಿನ ಊರಿಗೆಲ್ಲ ಗೊತ್ತು. ಅವನು ಟೇಪು ಹಿಡಿದು, “ಸಾಹೇಬ್ರ, ನೀರು ಎಲ್ಲೀತನ ಬರಬೇಕು?” ಎಂದ. ನಾನು ಅತ್ತಿತ್ತ ನೋಡಿ ಮೊಣಕಾಲು ತೋರಿಸಿದೆ.

“ಮೊಣಕಾಲಷ್ಟ ನೀರಾಗ ಮನಿಶ್ಯಾ ಹೆಂಗ ಮುಳಗ್ತಾನ್ರಿ?” ಎಂದ ಅವನು. “ಎಮ್ಮಿ ಸುದ್ದಾ ಮುಳಗೂದಿಲ್ಲ.”

ಎದೆಯ ಮಟ್ಟಕ್ಕೆ ಎಂದು ಅವನೇ ಗೆರೆ ಎಳೆದ. ನಾನು ಆ ಗೆರೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ಫೋನು ಬಂದದ್ದು ಕಾಂಕ್ರೀಟು ಹಾಕುವ ದಿನ. ಮಿಕ್ಸರು ಗಡಗಡ ತಿರುಗುತ್ತಿತ್ತು. ಕುರ್ಚಿ ಕೊಳ್ಳಲು ಹುಬ್ಬಳ್ಳಿಗೆ ಹೋಗಿದ್ದ ಪಾಸ್ಟರು ಏನೋ ಕೇಳಿದರು. ಮಂದಗಿವಿಗೆ ಹಿಡಿದಿದ್ದ ನನಗೆ ‘ತೊಟ್ಟಿ’ ಎಂಬುದೊಂದು, ಕೊನೆಯ ‘ಏನಾ’ ಎಂಬುದೊಂದು, ಇಷ್ಟೇ ಕೇಳಿಸಿತು. ಇವತ್ತು ಏನು ಕಟ್ಟುತ್ತಿದ್ದೀರಿ ಎಂದು ವಿಚಾರಿಸುತ್ತಿದ್ದಾರೆಂದು ತಿಳಿದು, “ಹೌದ್ರಿ” ಎಂದು ಒದರಿದೆ. ಅವರು ಮತ್ತೆ, “ನಿಜವಾಗ್ಲೂನಾ ಅಂಕಲ್?” ಎಂದರು. ಇಷ್ಟು ದಿನವಾದರೂ ನಮ್ಮ ಕಡೆಯ ಒಂದು ಮಾತು ಕಲಿತಿಲ್ಲವಲ್ಲ ಎಂದು ನನಗೆ ರೇಗಿತು. “ಹೌದ ಅಂದ್ರ ಹೌದ. ಗಟ್ಟಿ ಐತ್ರಿ” ಎಂದೆ. ಆ ಕಡೆಯಿಂದ, “ಸ್ತೋತ್ರ ಅಂಕಲ್, ಸ್ತೋತ್ರ” ಎಂದು ಧ್ವನಿ ನಡುಗಿತು. ಒಂದು ನೀರಿನ ಹೌದಕ್ಕೆ ಈ ಮನುಷ್ಯ ಇಷ್ಟೊಂದು ಭಾವುಕರಾಗಬೇಕೇ ಎಂದುಕೊಂಡು ಫೋನು ಕಿಸೆಗಿಟ್ಟೆ.

ಮುಂದಿನ ಭಾನುವಾರ ಪ್ರಕಟಣೆಗಳ ಹೊತ್ತಿನಲ್ಲಿ ಪಾಸ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಹೊಸ ತೊಟ್ಟಿಗೆ ಮೊದಲು ಇಳಿಯೋದು ನೀವೇನಾ ಅಂತ ಪ್ರಭಾಕರ ಅಂಕಲ್‌ನ ಕೇಳ್ದೆ. ಒಂದ್ಸಲ ಅಲ್ಲ, ಮೂರು ಸಲ ಹೌದು ಅಂದ್ರು. ನನ್ನ ನಿರ್ಧಾರ ಗಟ್ಟಿ ಅಂದ್ರು” ಎಂದರು. ಜನ ಚಪ್ಪಾಳೆ ತಟ್ಟಿದರು. ಕೀಬೋರ್ಡಿನ ತಾಳ ತಾನೇ ಶುರುವಾಯಿತು. ನಾನು ಎದ್ದು ನಿಂತೆ, ಅದು ನೀರಿನ ಹೌದ, ಮಾತಿನ ಹೌದು ಅಲ್ಲ ಎಂದು ಹೇಳಲಿಕ್ಕೇ ಎದ್ದೆ. ಅಷ್ಟರಲ್ಲಿ ಪಕ್ಕಕ್ಕೆ ನೋಡಿದೆ. ಶಾಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಅವಳು ಹಾಗೆ ಸಂತೋಷಕ್ಕೆ ಅತ್ತದ್ದನ್ನು ನಾನು ಮಗಳು ಹುಟ್ಟಿದ ದಿನ ಬಿಟ್ಟರೆ ನೋಡಿರಲಿಲ್ಲ. ನಾನು ಎಲ್ಲರಿಗೂ ಕೈಮುಗಿದು ಕೂತುಬಿಟ್ಟೆ.

ಮಧ್ಯಾಹ್ನ ಊಟಕ್ಕೆ ಗೋಧಿ ಹುಗ್ಗಿ ಮಾಡಿದ್ದಳು. “ನನಗ ಒಂದು ಮಾತು ಹೇಳಬೇಕಿಲ್ಲೇನ್ರಿ ಮೊದಲ?” ಎಂದಳು, ಸಿಟ್ಟಿಲ್ಲದೆ. ಇಂಥ ಹುಗ್ಗಿ ಬಡಿಸಿದವಳಿಗೆ ನಿಜ ಹೇಳುವ ಧೈರ್ಯ ಯಾವ ಗಂಡಸಿಗಿದೆ? ನಿಜ ಹೇಳಿದರೆ ಅವಳ ಸಂತೋಷ ಹೋಗುತ್ತದೆ, ಹೇಳದಿದ್ದರೆ ಎಲ್ಲರೆದುರು ನೀರಿನಲ್ಲಿ ನಿಂತು, ಹೆದರಿ ಒದ್ದೆ ಬಟ್ಟೆಯಲ್ಲಿ ಓಡಿಹೋಗಿ ನನ್ನ ಮರ್ಯಾದೆ ಹೋಗುತ್ತದೆ. ಬಡಾವಣೆಗೆಲ್ಲ ಸುದ್ದಿಯಾಗಿತ್ತು. ಗುರುಸಿದ್ದಪ್ಪನವರು ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳ ಮುಂದೆ, “ಯಾವತ್ತ ಮುಳಗ್ತೀರಿ?” ಎಂದು ಕೇಳಿ, ತಾವೇ ನಾಲಿಗೆ ಕಚ್ಚಿಕೊಂಡು, “ಅಂಗಡ್ಯಾಗ ಕೂತು ಈ ಶಬ್ದ ಆಡಬಾರದು ನೋಡ್ರಿ” ಎಂದರು.

ನಾನು ಅಭ್ಯಾಸಕ್ಕೆ ಬಿದ್ದೆ. ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಬಕೆಟಿನ ಮುಂದೆ ಮೊಣಕಾಲೂರಿ, ಮುಖ ಅದ್ದಿ ಎಣಿಸುತ್ತಿದ್ದೆ. ಮೂರರ ಮೇಲೆ ಎಣಿಕೆ ಹೋಗುತ್ತಿರಲಿಲ್ಲ. ಒಳಗಿನಿಂದ ಬರುವ ನರಳಾಟ ಕೇಳಿ ಶಾಂತಾ ನಾನು ಪಾಪಗಳನ್ನು ನೆನೆದು ಪ್ರಾರ್ಥಿಸುತ್ತಿದ್ದೇನೆಂದು ತಿಳಿದು, ಹಾಲಿನವನಿಗೂ ಗದ್ದಲ ಮಾಡಬೇಡ ಎನ್ನುತ್ತಿದ್ದಳು. ಕೊನೆಗೆ ಒಂದು ದಿನ ತಡೆಯಲಾರದೆ ದಸ್ತಗೀರನ ಮುಂದೆ ಬಾಯಿ ಬಿಟ್ಟೆ. ಅವನು ಹೌದದ ಗೋಡೆಗೆ ಸಿಮೆಂಟು ಮೆತ್ತಿ ಕೊನೆಯ ಗಿಲಾಯಿ ಮಾಡುತ್ತಿದ್ದ. ಕೆರೆಯ ಕಥೆ, ಫೋನಿನ ಕಥೆ ಎರಡನ್ನೂ ಹೇಳಿದೆ. ಅರವತ್ತು ದಾಟಿದವನು ಹೀಗೆ ಹೇಳಿಕೊಳ್ಳುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಅವನು ನಗಲಿಲ್ಲ. ಕರಣಿ ಕೆಳಗಿಟ್ಟು, “ಸಾಹೇಬ್ರ, ಸಣ್ಣಾಂವ ಇದ್ದಾಗಿಂದ ಹೌದ ಕಟ್ಕೋತ ಬಂದೇನಿ. ತುಂಬಿದ ಮ್ಯಾಲ ಒಂದರಾಗೂ ಇಳದಿಲ್ಲ. ನನಗೂ ನೀರಂದ್ರ ಹೆದರಿಕಿ” ಎಂದ. ಮರುದಿನ ಹೋಗಿ ನೋಡಿದರೆ ಹೌದಕ್ಕೆ ನಕಾಶೆಯಲ್ಲಿ ಇಲ್ಲದ ಒಂದು ಮೆಟ್ಟಿಲು ಹೆಚ್ಚಾಗಿತ್ತು, ಗೋಡೆಗೊಂದು ಕಬ್ಬಿಣದ ಹಿಡಿಕೆ ಬಂದಿತ್ತು. “ಪಾಸ್ಟರ ಕೇಳಿದ್ರ ಗ್ವಾಡಿಗೆ ಬಲ ಬೇಕಾಗಿತ್ತು ಅಂತ ಹೇಳ್ರಿ” ಎಂದ.

ಮುಂದಿನ ತಿಂಗಳ ಮೊದಲ ಭಾನುವಾರ, ನನ್ನ ದೀಕ್ಷಾಸ್ನಾನದ ದಿನ, ಚರ್ಚು ತುಂಬಿತ್ತು. ಗುರುಸಿದ್ದಪ್ಪನವರು ಅಂಗಡಿ ಮುಚ್ಚಿ, ಮನೆಯವರೊಡನೆ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ದಸ್ತಗೀರ್ ಹೊಸ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ನಾನು ಬಿಳಿ ಜುಬ್ಬಾದಲ್ಲಿ, ಹಿಡಿಕೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದೆ. ನೀರು ಎದೆಗೆ ಬಂತು. ಪಾಸ್ಟರು ಕೇಳಿದ ಮೊದಲೆರಡು ಪ್ರಶ್ನೆಗಳಿಗೆ ತಲೆಯಾಡಿಸಿದೆ. ಮೂರನೆಯದಕ್ಕೆ ಬಾಯಿಂದಲೇ ಉತ್ತರ ಕೊಡಬೇಕು. “ಇದು ನಿಮ್ಮ ಸ್ವಂತ ಮನಸ್ಸಿನ ನಿರ್ಧಾರ, ಹೌದಾ?” ಎಂದರು, ಮೈಕಿನಲ್ಲಿ. ನಾನು ಹಿಡಿಕೆಯಿಂದ ಕೈ ಬಿಡಲಿಲ್ಲ. ಪಾಸ್ಟರು ಮತ್ತೊಮ್ಮೆ, “ಹೌದಾ?” ಎಂದರು. ಶಾಂತಾ ಕುರ್ಚಿಯ ತುದಿಗೆ ಬಂದಿದ್ದಳು.

ಆಗ ಬಾಗಿಲ ಕಡೆಯಿಂದ ದೊಡ್ಡ ದನಿ ಬಂತು. “ಹೌದ ಗಟ್ಟಿ ಐತ್ರಿ ಸಾಹೇಬ್ರ. ಒಂದ ಹನಿ ಸೋರೂದಿಲ್ಲ. ಬೇಫಿಕರ್ ಇಳೀರಿ.”

ಇಡೀ ಚರ್ಚು ನಕ್ಕಿತು. ಪಾಸ್ಟರಿಗೆ ಅರ್ಥವಾಗದಿದ್ದರೂ ರೂಢಿಯಂತೆ ಅವರೂ ನಕ್ಕರು. ನನಗೂ ನಗು ಬಂತು. ನಗುವಾಗ ಹೆದರುವುದು ಆಗುವುದಿಲ್ಲ ಎಂಬುದು ಆವತ್ತು ನನಗೆ ತಿಳಿಯಿತು. “ಹೌದು” ಎಂದೆ, ಮಾತಿನದು. ಹಿಡಿಕೆ ಬಿಟ್ಟೆ. ಬಿಟ್ಟ ಕೈಗೆ ಏನಾದರೂ ಬೇಕಲ್ಲ, ಪಾಸ್ಟರ ಕೊರಳಪಟ್ಟಿಯನ್ನು ಭದ್ರವಾಗಿ ಹಿಡಿದೆ. ಅವರು ನನ್ನನ್ನು ಹಿಂದಕ್ಕೆ ಬಾಗಿಸಿದರು, ನಾನು ಅವರನ್ನು ಕರೆದುಕೊಂಡೇ ಹೋದೆ. ನೀರಿನೊಳಗೆ ಎಲ್ಲ ನಿಶ್ಶಬ್ದವಾಗಿತ್ತು. ಎಡಗಿವಿಗೂ ಬಲಗಿವಿಗೂ ಯಾವ ವ್ಯತ್ಯಾಸವೂ ಇರಲಿಲ್ಲ. ಕೆರೆಯ ಪಾಚಿ ನೆನಪಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಮೇಲೆ ಬಂದಾಗ ಗುರುಸಿದ್ದಪ್ಪನವರು ಹೆಂಡತಿಗೆ, “ಇಬ್ಬರೂ ಮ್ಯಾಲ ಬಂದ್ರು” ಎಂದು ಸಮಾಧಾನದಿಂದ ಹೇಳುತ್ತಿದ್ದದ್ದು ಕೇಳಿಸಿತು.

ಒಣ ಬಟ್ಟೆ ಉಟ್ಟು ಶಾಂತಾಳ ಪಕ್ಕಕ್ಕೆ ಬಂದು ಕೂತೆ. ತಲೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ರೊಟ್ಟಿಯ ತಟ್ಟೆ ಸಾಲಿನಲ್ಲಿ ಬಂತು. ಶಾಂತಾ ಒಂದು ಚೂರು ತೆಗೆದುಕೊಂಡಳು. ಈ ಸಲ ಅವಳ ಕೈ ನನ್ನನ್ನು ದಾಟಿ ಹೋಗಲಿಲ್ಲ, ನನ್ನ ಮುಂದೆಯೇ ನಿಂತಿತು. “ತಗೋರಿ” ಎಂದಳು. ನನಗೆ ಅಳು ಬಂತು. ತಲೆ ಒದ್ದೆಯಿದ್ದದ್ದರಿಂದ ಯಾರಿಗೂ ತಿಳಿಯಲಿಲ್ಲ.

ಮನಸ್ಸು ಹಗುರಾದವನಿಗೆ ಎಲ್ಲವನ್ನೂ ಹೇಳಿಬಿಡುವ ಚಪಲ ಹುಟ್ಟುತ್ತದೆ. ಸಂಜೆ ಚಹಾ ಕುಡಿಯುವಾಗ ಫೋನಿನ ಕಥೆಯನ್ನು, ಕೆರೆಯ ಕಥೆಯನ್ನು, ಬಕೆಟನ್ನು ಕೂಡ ಬಿಡದೆ ಹೇಳಿದೆ. ಶಾಂತಾ ಚಹಾ ಚೆಲ್ಲುವಷ್ಟು ನಕ್ಕಳು. ನಗು ನಿಂತ ಮೇಲೆ ನನ್ನನ್ನು ಹೊಸ ಗಿರಾಕಿಯನ್ನು ನೋಡುವಂತೆ ನೋಡಿದಳು.

“ಹಂಗಾರ ಲಗ್ನದಾಗ ಚರ್ಚಿನ ಅಯ್ಯನವರು ನಿಮ್ಮನ್ನ ಕೇಳಿದ್ರಲ್ಲ, ಈಕಿನ್ನ ಹೇಣ್ತಿ ಅಂತ ಒಪಗೊಳ್ತಿಯೇನು ಅಂತ. ಆವಾಗ ಹೌದು ಅಂದ್ರಿ. ಅವತ್ತರೆ ಅವರು ಕೇಳಿದ್ದು ನಿಮಗ ಸರಿಯಾಗಿ ಕೇಳಿಸಿತ್ತೇನು?”

ಶಾಂತಾ ಕೇಳಿದ ಮಾತಿಗೆ ಮೊದಲ ಸಲ ನಾನು ‘ನೋಡೋಣ’ ಅನ್ನಲಿಲ್ಲ. ಒಂದು ಕ್ಷಣವೂ ತಡಮಾಡದೆ, “ಹೌದು” ಎಂದೆ.

ಶಾಂತಾ ಕಪ್ಪು ಎತ್ತಿಕೊಂಡು ಒಳಗೆ ಹೋಗುತ್ತಾ ತಿರುಗಿ ಕೇಳಿದಳು. “ಯಾವ ಹೌದು?”